ನೆರೆ ಇಳಿದ ಮೇಲೆ ಮಕ್ಕಳ ಓದು: ಮಳೆಗಾಲಕ್ಕೆ ಮೊದಲು ನಾವು ಮಾಡಿಕೊಳ್ಳಬೇಕಾದ ಸಿದ್ಧತೆ



ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಟ್ರಸ್ಟ್ ವತಿಯಿಂದ ನೋಟ್‌ಬುಕ್ ವಿತರಣೆ ನಡೆಯುವುದು ತಮಗೆಲ್ಲ ತಿಳಿದಿದೆ. ಈ ಸಲ ಸಿಂಧನೂರಿನಿಂದ ತುರ್ವಿಹಾಳಕ್ಕೆ ನೋಟ್‌ಬುಕ್ ಬಂಡಲುಗಳನ್ನು ಹೇರಿಕೊಂಡು ಬಂದ ಗೂಡ್ಸ್ ಗಾಡಿಯ ಚಾಲಕ ಬಾಡಿಗೆ ಬೇಡವೆಂದ. ಎರಡನೇ ತರಗತಿಯಲ್ಲಿರುವ ತನ್ನ ಮಗಳ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಮಾತ್ರ ಕೇಳಿದ. ನಮ್ಮ ಫಾರಂನಲ್ಲಿ ‘ತಂದೆಯ ವಿದ್ಯಾಭ್ಯಾಸ’ ಎಂಬ ಕಾಲಂ ಇದೆ. ಏನು ಬರೆಯೋಣ ಎಂದೆವು. “ಹತ್ತನೇತ್ತ ಅರ್ಧ ಅಂತ ಬರಕೋರಿ ಸರ್. ಉಳಿದರ್ಧ ಹೊಳಿ ಪಾಲಾತು” ಎಂದು ನಕ್ಕ.

ಅವನು ತುಂಗಭದ್ರೆಯ ದಂಡೆಯ ಹಳ್ಳಿಯವನು. 2009ರ ನೆರೆಯಲ್ಲಿ ಮನೆ ಬಿದ್ದಾಗ ಹತ್ತನೇ ತರಗತಿಯಲ್ಲಿದ್ದ. ಆ ವಾರ ನಾವೇ ಅವರ ಊರಿಗೆ ಟ್ರ್ಯಾಕ್ಟರಿನಲ್ಲಿ ಅಕ್ಕಿ, ಚಾದರ ಒಯ್ದು ಹಂಚಿ ಬಂದಿದ್ದೆವು. “ನೀವು ಬಂದಿದ್ದು ನೆನಪೈತ್ರಿ ಸರ್, ನಮ್ಮವ್ವಗ ಕೆಂಪು ಚಾದರ ಕೊಟ್ಟಿದ್ರಿ” ಎಂದ. ಆಮೇಲೆ ಅವನ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದರು. ಪರೀಕ್ಷೆಯ ಶುಲ್ಕ ತುಂಬುವ ಹೊತ್ತಿಗೆ ಅವನು ಅಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಟ್ರ್ಯಾಕ್ಟರಿನಲ್ಲಿ ಹೋದ ನಮ್ಮಲ್ಲಿ ನಾಲ್ಕು ಜನ ಶಾಲಾ ಮಾಸ್ತರರಿದ್ದೆವು. ಚಾದರ ಕೊಡುವಾಗ “ಯಾವ ಕ್ಲಾಸು? ಪುಸ್ತಕ ಉಳಿದಾವೇನು?” ಎಂದು ನಾವು ಒಬ್ಬರೂ ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಈಗಲಾದರೂ ಕೇಳಬೇಕೆಂದು ಈ ವರ್ಷದ ವರದಿಯಲ್ಲಿ ಇದನ್ನು ಬರೆಯುತ್ತಿದ್ದೇವೆ. ನೆರೆ ಬಂದಾಗ ನಮ್ಮಂಥ ಸಣ್ಣ ಸಂಸ್ಥೆಗಳು ಏನು ಮಾಡಬಲ್ಲವು, ಯಾವುದನ್ನು ಮಾಡಬಾರದು, ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳಲು ಮುಂಚಿತವಾಗಿ ಏನನ್ನು ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ವಿವರಿಸುತ್ತೇವೆ.

2009ರಲ್ಲಿ ನಾವು ಕಂಡದ್ದು

ಆ ವರ್ಷ ದೇಶದಲ್ಲೆಲ್ಲ ಮುಂಗಾರು ಕೈಕೊಟ್ಟಿತ್ತು. ಮಳೆಗಾಗಿ ಕಾದು ಕುಳಿತಿದ್ದ ಉತ್ತರ ಕರ್ನಾಟಕಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಒಮ್ಮೆಲೆ ಮಳೆ ಹಿಡಿಯಿತು. ರಾಯಚೂರು, ಬಳ್ಳಾರಿ, ಕೊಪ್ಪಳ, ಬಿಜಾಪುರ, ಬಾಗಲಕೋಟೆ, ಗುಲ್ಬರ್ಗ ಜಿಲ್ಲೆಗಳಲ್ಲಿ ಹಗಲು ರಾತ್ರಿ ಎನ್ನದೆ ಸುರಿಯಿತು. ಅಕ್ಟೋಬರ್ 2ರಂದು ಮಂತ್ರಾಲಯದ ಮಠದೊಳಗೆ ನೀರು ನುಗ್ಗಿತು, ಕರ್ನೂಲು ನಗರ ಮುಳುಗಿತು. ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯುಸೆಕ್ ನೀರು ಬಂತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಮ್ಮ ಭಾಗದ ಮಣ್ಣಿನ ಮಾಳಿಗೆಯ ಮನೆಗಳು ನಾಲ್ಕು ದಿನ ನೆನೆದು, ಮಳೆ ನಿಂತ ಮೇಲೂ ಒಂದೊಂದಾಗಿ ಕುಸಿದವು.

ಅಕ್ಟೋಬರ್ 2 ಶುಕ್ರವಾರವಾಗಿತ್ತು. ರಂಜಾನ್ ಹಬ್ಬ ಮುಗಿದು ಹನ್ನೊಂದು ದಿನ, ವಿಜಯದಶಮಿ ಮುಗಿದು ನಾಲ್ಕು ದಿನ. ಜುಮ್ಮಾ ನಮಾಜಿನ ಬಳಿಕ ಮಸೀದಿಯ ಅಂಗಳದಲ್ಲಿಯೇ ಚಂದಾ ಎತ್ತಿದೆವು. ಅಂಗಡಿಯವರು ಅಕ್ಕಿ ಕೊಟ್ಟರು, ಮನೆಮನೆಯಿಂದ ರೊಟ್ಟಿ ಬಂತು. ಊರಿನ ಎಲ್ಲ ಸಮಾಜದವರೂ ಜೊತೆಗೂಡಿದರು. ಕೊಟ್ಟವರ ಹೆಸರನ್ನಾಗಲಿ, ಪಡೆದವರ ಜಾತಿಯನ್ನಾಗಲಿ ಯಾರೂ ಬರೆದಿಡಲಿಲ್ಲ. ಅದು ಸರಿಯಾಗಿಯೇ ಇತ್ತು. ಆದರೆ ಮಕ್ಕಳ ಹೆಸರನ್ನೂ ಬರೆದಿಡಲಿಲ್ಲ. ಅದು ತಪ್ಪಾಯಿತು.

ಎಂಟು ಹತ್ತು ದಿನ ಎಲ್ಲೆಡೆಯಿಂದ ಸಹಾಯ ಹರಿದು ಬಂತು. ಹಳೆ ಬಟ್ಟೆ ಎಷ್ಟು ಬಂತೆಂದರೆ ರಸ್ತೆ ಪಕ್ಕದಲ್ಲಿ ಗುಡ್ಡೆ ಬಿತ್ತು. ಮುಂದೆ ರಾಜ್ಯ ಸರ್ಕಾರ ‘ಆಸರೆ’ ಎಂಬ ಯೋಜನೆ ತಂದು, ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳ ಕೈಗೂಡಿಸಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಲು ಹೊರಟಿತು. ಮನೆಯ ಮಾತು ವರ್ಷಗಟ್ಟಲೆ ನಡೆಯಿತು. ಆದರೆ ಮಕ್ಕಳ ಶಾಲಾ ವರ್ಷ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಬರೀ ಆರು ತಿಂಗಳು. ಆ ಆರು ತಿಂಗಳಲ್ಲಿ ಕೈಬಿಟ್ಟ ಮಗುವನ್ನು ಮುಂದೆ ಯಾವ ಮನೆ ಕೊಟ್ಟರೂ ಶಾಲೆಗೆ ತರುವುದು ಕಷ್ಟ.

ಪರಿಹಾರದ ಲೆಕ್ಕ ಹೇಗಿರುತ್ತದೆ ನೋಡಿ. 2019ರ ನೆರೆಯಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿದರು. ಬೆಳೆಗೆ ಹೆಕ್ಟೇರ್ ಲೆಕ್ಕ ಇದೆ. ಸತ್ತ ಎಮ್ಮೆಗೆ, ಕುರಿಗೆ, ಕೋಳಿಗೂ ದರ ಇದೆ. ಇವೆಲ್ಲ ಬೇಕಾದವೇ. ಆದರೆ ಹಾಳಾದ ಶಾಲಾ ವರ್ಷಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ. ಆ ಕಾಲಂ ತುಂಬುವುದು ಊರಿನಲ್ಲಿಯೇ ಇರುವ, ಮನೆಮನೆಯ ಮಕ್ಕಳ ಹೆಸರು ಗೊತ್ತಿರುವ ನಮ್ಮಂಥ ಸಂಸ್ಥೆಗಳ ಕೆಲಸ ಎಂಬುದೇ ಈ ಲೇಖನದ ಸಾರಾಂಶ.

ನಮ್ಮ ಭಾಗಕ್ಕೆ ನೀರು ಬರುವ ಎರಡು ದಾರಿ

ನಮ್ಮದು ಎರಡು ಹೊಳೆಗಳ ನಡುವಿನ ಎಡೆದೊರೆ ನಾಡು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ತುರ್ವಿಹಾಳ ಹೊಳೆಯ ದಂಡೆಯ ಊರಲ್ಲ. ಆದ್ದರಿಂದ ನೆರೆ ನಮ್ಮ ಮಾತಲ್ಲ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಆದರೆ ನೀರು ಎರಡು ದಾರಿಯಿಂದ ಬರುತ್ತದೆ.

ಮೊದಲನೆಯದು ಅಣೆಕಟ್ಟಿನ ನೀರು. ಮಲೆನಾಡಿನಲ್ಲಿ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಸಿಂಧನೂರು ತಾಲೂಕಿನ ದಢೇಸುಗೂರು, ಮುಕ್ಕುಂದ ಕಡೆಯವರು ಹೊಸಪೇಟೆಯ ಡ್ಯಾಮಿನ ಸುದ್ದಿ ಕೇಳಿಯೇ ಮಲಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂಡಿಸಲು ಸುಮಾರು ಒಂದು ವಾರ ಹಿಡಿಯಿತು. ಆ ವಾರ ಕೆಳಗಿನ ಊರುಗಳವರು ನಿದ್ದೆ ಮಾಡಲಿಲ್ಲ. ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಿವೆ: ಕರಕಲಗಡ್ಡಿ, ಮ್ಯಾದರಗಡ್ಡಿ ಮುಂತಾದವು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆ ಕಡೆಯ ಮಕ್ಕಳ ಶಾಲೆ ನಿಲ್ಲುತ್ತದೆ. ಈ ನೀರಿಗೆ ಒಂದು ಅನುಕೂಲವಿದೆ. ಬಿಡುವ ಮೊದಲು ಸೂಚನೆ ಕೊಡುತ್ತಾರೆ, ಬಂದು ಮುಟ್ಟಲು ಕೆಲವು ತಾಸು ಹಿಡಿಯುತ್ತದೆ.

ಎರಡನೆಯದು ಹಳ್ಳದ ನೀರು. ಇದಕ್ಕೆ ಸೂಚನೆ ಇಲ್ಲ. ಎರಿ ಭೂಮಿ ಒಮ್ಮೆ ತೊಯ್ದು ತಣಿದರೆ ಮತ್ತೆ ಬಿದ್ದ ಮಳೆಯನ್ನು ಹೀರುವುದಿಲ್ಲ, ಹಳ್ಳಕ್ಕೆ ತಳ್ಳುತ್ತದೆ. ಮೇಲಿನ ಊರಲ್ಲಿ ಸುರಿದ ಮಳೆ ಒಂದು ತಾಸಿನಲ್ಲಿ ಕೆಳಗಿನ ಊರಿನ ದಾರಿಯ ಮೇಲೆ ಹರಿಯುತ್ತದೆ. 2009ರಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಹೀಗೆ ಇಲ್ಲಿಯೇ ಬಿದ್ದ ಮಳೆ. ಮಸ್ಕಿ ಹಳ್ಳ ತುಂಬಿ ಬಂದಾಗ ಅದರ ದಂಡೆಯ ಓಣಿಗಳ ಪಾಡು ಏನಾಗುತ್ತದೆಂದು ಮಸ್ಕಿಯವರನ್ನು ಕೇಳಬೇಕು. ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳು ನಮ್ಮ ಮೂರೂ ತಾಲೂಕುಗಳಲ್ಲಿದ್ದಾರೆ. ಮೊಣಕಾಲುದ್ದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ. ಸೊಂಟಕ್ಕಿಂತ ಕೆಳಗೇ ನೀರಿದ್ದರೂ ಬೈಕು, ಕಾರು ತೇಲಿಹೋಗುತ್ತವೆ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಆರು ಲಕ್ಷ ಕ್ಯುಸೆಕ್‌ನಷ್ಟು ನೀರು ಬಿಟ್ಟಾಗ, ದೇವದುರ್ಗ ತಾಲೂಕಿನ ಹಿರೇರಾಯಕುಂಪಿಯ ಶಾಲಾ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ನೀರಿನಲ್ಲಿ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ದೇಶವೇ ಆ ವಿಡಿಯೊ ನೋಡಿತು. ಹುಡುಗನಿಗೆ ಶೌರ್ಯ ಪ್ರಶಸ್ತಿಯೂ ಬಂತು. ನಮ್ಮ ಜಿಲ್ಲೆಗೆ ಅವನು ಹೆಮ್ಮೆ. ಆದರೆ ಮಕ್ಕಳಿಗೆ ಈ ಕತೆ ಹೇಳುವಾಗ ಶಿಕ್ಷಕರು ಇನ್ನೊಂದು ಮಾತನ್ನೂ ಸೇರಿಸಬೇಕು: ನೀರಿನ ಆಳ ನೋಡುವ ಕೆಲಸ ಮಕ್ಕಳದ್ದಲ್ಲ. ಸೇತುವೆಗೆ ಅಡ್ಡಗಟ್ಟೆ ಹಾಕಿ ಎರಡೂ ಕಡೆ ಒಬ್ಬೊಬ್ಬ ದೊಡ್ಡವರನ್ನು ನಿಲ್ಲಿಸಿದ ಊರಿನಲ್ಲಿ ಯಾವ ಮಗುವೂ ಶೌರ್ಯ ತೋರಿಸಬೇಕಾಗಿ ಬರುವುದಿಲ್ಲ.

ಸರ್ಕಾರದ ಕೆಲಸ ಯಾವುದು, ನಮ್ಮದು ಯಾವುದು

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಜಿಲ್ಲೆಗೊಂದು ವಿಪತ್ತು ಯೋಜನೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ತಾಲೂಕು ಮಟ್ಟದಲ್ಲಿ ತಹಶೀಲ್ದಾರರು ಹೊಣೆ ಹೊರುತ್ತಾರೆ. ಮುಂಚೆ ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ದೋಣಿ, ರಕ್ಷಣೆ, ಜನರನ್ನು ಸ್ಥಳಾಂತರಿಸುವ ಆದೇಶ, ಪರಿಹಾರದ ಹಣ, ಇವೆಲ್ಲ ಸರ್ಕಾರದ ಕೆಲಸ. ತರಬೇತಿ ಇಲ್ಲದ ನಮ್ಮ ಹುಡುಗರು ಉತ್ಸಾಹದಿಂದ ನೀರಿಗೆ ಇಳಿಯುವುದು ಸೇವೆಯಲ್ಲ. ಅವರನ್ನು ಹುಡುಕಲು ಮತ್ತೊಂದು ದೋಣಿ ಬೇಕಾಗುತ್ತದೆ.

ನಮ್ಮ ಬಳಿ ಇರುವ ಬಲ ಬೇರೆ. ನಮಗೆ ಓಣಿ ಗೊತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯ ಅಜ್ಜಿಗೆ ನಡೆಯಲು ಬಾರದು, ಯಾರ ಮಗ ಈ ಸಲ ಹತ್ತನೇ ತರಗತಿ ಎಂಬುದು ಕಚೇರಿಗಿಂತ ಮೊದಲು ನಮಗೆ ತಿಳಿದಿರುತ್ತದೆ. ಮೈಕು ಇದೆ, ಶಾದಿ ಮಹಲ್ ಇದೆ, ಮದರಸಾದ ಕೋಣೆಗಳಿವೆ, ದೊಡ್ಡ ಡೇಗುಗಳಿವೆ. ಇವನ್ನು ಸರ್ಕಾರದ ಯೋಜನೆಯೊಳಗೆ ಮುಂಚಿತವಾಗಿ ಸೇರಿಸಬೇಕು. ಅಂದರೆ ಮೇ ತಿಂಗಳಲ್ಲಿಯೇ ತಹಶೀಲ್ದಾರರಿಗೆ ಒಂದು ಪತ್ರ ಕೊಡಬೇಕು: ನಮ್ಮಲ್ಲಿ ಇಷ್ಟು ಜನರಿಗೆ ಜಾಗವಿದೆ, ಇಷ್ಟು ಶೌಚಾಲಯವಿದೆ, ಕೀಲಿ ಇಂಥವರ ಬಳಿ ಇರುತ್ತದೆ ಎಂದು. ರಾತ್ರಿ ಎರಡು ಗಂಟೆಗೆ ನೀರು ಬಂದಾಗ ಕೀಲಿ ಇಟ್ಟುಕೊಂಡವರನ್ನು ಹುಡುಕುವ ಪರಿಸ್ಥಿತಿ ಬರಬಾರದು.

ಮೈಕಿನ ಮಾತು ಬಂದಿದ್ದರಿಂದ ಒಂದು ಉದಾಹರಣೆ. ನಮ್ಮ ಸಿಂಧನೂರು ತಾಲೂಕಿನ ಬಂಗಾಲಿ ಕ್ಯಾಂಪುಗಳ ಹಿರಿಯರು ಪೂರ್ವ ಪಾಕಿಸ್ತಾನದಿಂದ ಬಂದವರು. ಅವರು ಬಿಟ್ಟುಬಂದ ನಾಡಿನಲ್ಲಿ 1970ರ ಚಂಡಮಾರುತಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬಾಂಗ್ಲಾದೇಶವಾದ ಮೇಲೆ ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿದವು. ಎಚ್ಚರಿಕೆ ಬಂದೊಡನೆ ಅವರು ಧ್ವನಿವರ್ಧಕ ಹಿಡಿದು ಓಣಿ ಓಣಿ ಸುತ್ತುತ್ತಾರೆ, ಮಸೀದಿಗಳ ಮೈಕಿನಲ್ಲಿಯೂ ಸಾರುತ್ತಾರೆ, ಜನ ಎತ್ತರದ ಆಶ್ರಯ ಕಟ್ಟಡಗಳಿಗೆ ಹೋಗುತ್ತಾರೆ. 2007ರ ಸಿಡ್ರ್ ಎಂಬ ಭಾರಿ ಚಂಡಮಾರುತದಲ್ಲಿ ಸತ್ತವರು ಮೂರು ಸಾವಿರದ ಚಿಲ್ಲರೆ. ಅದೂ ದೊಡ್ಡ ಸಂಖ್ಯೆಯೇ. ಆದರೆ ಲಕ್ಷದಿಂದ ಸಾವಿರಕ್ಕೆ ಇಳಿದದ್ದರಲ್ಲಿ ಊರಿನವರ ಸಿದ್ಧತೆಯ ಪಾಲು ದೊಡ್ಡದು. ಮೈಕಿನಲ್ಲಿ ಏನು ಹೇಳಬೇಕೆಂಬುದನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಅಧಿಕಾರಿಗಳಿಂದ ಖಚಿತವಾದ ಸುದ್ದಿಯನ್ನು ಮಾತ್ರ ಹೇಳಬೇಕು. ಗಾಳಿ ಸುದ್ದಿಯಿಂದ ಆಗುವ ನೂಕುನುಗ್ಗಲು ನೀರಿನಷ್ಟೇ ಅಪಾಯ.

ಕೇರಳದ್ದೂ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ, ಹತ್ತಿರದ ಪೋತುಕಲ್ಲಿನ ಮಸೀದಿಯವರು ಶವಪರೀಕ್ಷೆಗೆಂದು ತಮ್ಮ ಪ್ರಾರ್ಥನಾ ಸ್ಥಳವನ್ನೇ ಬಿಟ್ಟುಕೊಟ್ಟರು. ಸತ್ತವರು ಯಾವ ಧರ್ಮದವರೆಂದು ಕೇಳಲಿಲ್ಲ. ಕಟ್ಟಡ ಇರುವುದು ಜನರ ಕಷ್ಟಕ್ಕೆ ಎಂಬುದನ್ನು ಅವರಿಂದ ಕಲಿಯಬೇಕು.

ಮೊದಲ ವಾರ: ಕಾಳಜಿ ಕೇಂದ್ರದಲ್ಲಿ ಮಕ್ಕಳು

ಊಟ, ಕುದಿಸಿದ ನೀರು, ಒಆರ್‌ಎಸ್ ಪೊಟ್ಟಣ, ಸೊಳ್ಳೆ ಪರದೆ, ಇವುಗಳ ವಿಷಯ ಎಲ್ಲರಿಗೂ ತಿಳಿದಿದೆ. ನಾವು ಮರೆಯುವ ಸಂಗತಿಗಳು ಬೇರೆ.

ಒಂದು, ಕೇಂದ್ರಕ್ಕೆ ಬಂದ ದಿನವೇ ಪ್ರತಿ ಮಗುವಿನ ಹೆಸರು, ಊರು, ತಂದೆ ತಾಯಿ, ತರಗತಿ, ಶಾಲೆ ಬರೆದುಕೊಳ್ಳಬೇಕು. ಒಂದೇ ದಿನದಲ್ಲಿ ಮುಗಿಯುವ ಕೆಲಸ. ಮುಂದಿನ ಆರು ತಿಂಗಳ ಎಲ್ಲ ಕೆಲಸಕ್ಕೂ ಇದೇ ಆಧಾರ.

ಎರಡು, ಒಂಟಿಯಾಗಿ ಬಂದ ಮಗುವನ್ನು ಯಾರ ಕೈಗೂ ಕೊಡಬಾರದು. ಸಂಬಂಧಿಕರು ಎಂದು ಹೇಳಿಕೊಂಡು ಬಂದವರಿಗೂ, ಸಾಕಿಕೊಳ್ಳುತ್ತೇವೆ ಎನ್ನುವ ಒಳ್ಳೆಯ ಮನೆತನದವರಿಗೂ ಕೊಡಬಾರದು. 1098ಕ್ಕೆ ಫೋನ್ ಮಾಡಬೇಕು. ಬಾಲನ್ಯಾಯ ಕಾಯ್ದೆಯಂತೆ 24 ತಾಸಿನೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯತೀಮ್ ಮಗುವಿನ ತಲೆ ಸವರುವುದು ಪುಣ್ಯ ಎಂದು ನಾವು ನಂಬಿದವರು. ಕಾನೂನಿನ ದಾರಿಯಲ್ಲಿ ನಡೆದರೆ ಆ ಮಗುವಿಗೆ ರಕ್ಷಣೆಯೂ ಸಿಗುತ್ತದೆ.

ಮೂರು, ಹೆಣ್ಣುಮಕ್ಕಳ ಮಲಗುವ ಜಾಗಕ್ಕೂ ಶೌಚಾಲಯಕ್ಕೂ ನಡುವೆ ದೀಪವಿರಬೇಕು. ರಾತ್ರಿ ಇಬ್ಬರು ಮಹಿಳಾ ಸ್ವಯಂಸೇವಕರು ಇರಬೇಕು. ಸ್ಯಾನಿಟರಿ ಪ್ಯಾಡ್‌ಗಳನ್ನು ಕೇಳುವವರೆಗೆ ಕಾಯದೆ ಹೆಂಗಸರ ಕೈಯಿಂದಲೇ ಹಂಚಿಸಬೇಕು. ನಮ್ಮ ಕಮಿಟಿಗಳಲ್ಲಿ ಗಂಡಸರೇ ಹೆಚ್ಚು. ಈ ಕಾರಣಕ್ಕಾದರೂ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕಿಯರು ನಮ್ಮ ಜೊತೆ ಇರಬೇಕು.

ನಾಲ್ಕು, ಮಕ್ಕಳ ಕೈಯಲ್ಲಿ ಬಿಸ್ಕತ್ ಕೊಟ್ಟು ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ ಅಭ್ಯಾಸವನ್ನು ನಾವು ಬಿಡಬೇಕು. ಪಡೆದುಕೊಂಡ ಚಿತ್ರ ಆ ಮಗುವಿನ ಜೊತೆ ಬಹಳ ವರ್ಷ ಉಳಿಯುತ್ತದೆ. ದಾನಿಗಳಿಗೆ ಬೇಕಾದ ಲೆಕ್ಕವನ್ನು ರಸೀದಿಯ ಮೂಲಕ ಕೊಡೋಣ.

ಐದು, ದಿನಕ್ಕೆ ಎರಡು ತಾಸು ಮಕ್ಕಳಿಗಾಗಿ ಒಂದು ಮೂಲೆ ಇಡಬೇಕು. ಚಾಪೆ, ಬಣ್ಣದ ಪೆನ್ಸಿಲ್, ಚೆಂಡು, ಕತೆ ಪುಸ್ತಕ ಸಾಕು. ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿ ಹಾಜರಿ ಕರೆಯಬೇಕು. ಮನೆ ಹೋದ ಮಗುವಿಗೆ ದಿನವೂ ತಪ್ಪದೆ ನಡೆಯುವ ಒಂದು ಸಂಗತಿಯಿಂದ ಬರುವ ಧೈರ್ಯವನ್ನು ನಾವು ಶಾಲೆಗಳಲ್ಲಿ ಕಣ್ಣಾರೆ ಕಂಡಿದ್ದೇವೆ.

ಮನಸ್ಸಿನ ಗಾಯ

ನೆರೆ ಕಂಡ ಮಕ್ಕಳು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವುದು, ಅವ್ವನ ಸೆರಗು ಬಿಡದಿರುವುದು, ಗುಡುಗಿಗೆ ಬೆಚ್ಚುವುದು, ಮಾತು ಕಡಿಮೆ ಮಾಡುವುದು ಸಹಜ. ದೊಡ್ಡ ಮಕ್ಕಳಲ್ಲಿ ಸಿಟ್ಟು ಬರಬಹುದು, ಓದು ತಲೆಗೆ ಹತ್ತದಿರಬಹುದು. ಇದಕ್ಕೆ ಬೈಯಬಾರದು, ನಾಚಿಸಬಾರದು, “ಏನೂ ಆಗಿಲ್ಲ, ಸುಮ್ಮನಿರು” ಎನ್ನಲೂಬಾರದು. ಮಗು ಹೇಳಿದರೆ ಕೇಳಬೇಕು. ಹೇಳದಿದ್ದರೆ ಕೆದಕಬಾರದು. ಹೆಚ್ಚಿನ ಮಕ್ಕಳು ಮನೆಯವರ ಆಸರೆ, ಆಟ, ಶಾಲೆ ಇದ್ದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಹಾಗೆಯೇ ಇದ್ದರೆ, ಅಥವಾ ಊಟ ನಿದ್ದೆ ಪೂರ್ತಿ ಕೆಟ್ಟರೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತಾಯತ ಕಟ್ಟಿಸುವವರು ಕಟ್ಟಿಸಲಿ, ನಾವು ಅಡ್ಡ ಬರುವುದಿಲ್ಲ. ಆದರೆ ಡಾಕ್ಟರಿಗೂ ತೋರಿಸಬೇಕು.

ಕಾಗದ ಪತ್ರ

ನೆರೆಯ ನಂತರ ಓದು ನಿಲ್ಲುವುದಕ್ಕೆ ಬಡತನದಷ್ಟೇ ದೊಡ್ಡ ಕಾರಣ ಕಾಗದ. ಟಿ.ಸಿ. ತೊಯ್ದಿದೆ, ಆಧಾರ್ ಹೋಗಿದೆ, ಮಾರ್ಕ್ಸ್ ಕಾರ್ಡ್ ಸಿಗುತ್ತಿಲ್ಲ ಎಂದು ಪಾಲಕರು ಹೆದರಿ ಮನೆಯಲ್ಲಿಯೇ ಕೂಡಿಸುತ್ತಾರೆ. ಹೆದರುವ ಅವಶ್ಯಕತೆ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವಯಸ್ಸಿನ ಮಗುವಿಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕಾಗಲಿ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಎಸ್‌ಎಟಿಎಸ್ ಸಂಖ್ಯೆ ಗೊತ್ತಿದ್ದರೆ ಶಾಲೆಯವರು ದಾಖಲಾತಿಯ ವಿವರವನ್ನು ಕಂಪ್ಯೂಟರಿನಲ್ಲಿ ನೋಡಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ನಾಡಕಚೇರಿಯಲ್ಲಿ ಮತ್ತೆ ಪ್ರತಿ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಎರಡನೇ ಪ್ರತಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಬೇಕು. ಇತ್ತೀಚಿನ ವರ್ಷಗಳ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿಯೂ ಸಿಗುತ್ತವೆ.

ಆದ್ದರಿಂದ ಪ್ರತಿ ಪಾಲಕರಲ್ಲಿ ನಮ್ಮ ವಿನಂತಿ. ಮಕ್ಕಳ ಎಲ್ಲ ಕಾಗದಗಳ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಟ್ರಂಕಿನ ತಳದಲ್ಲಿಡದೆ ಗೂಟಕ್ಕೆ ನೇತುಹಾಕಿರಿ. ಎತ್ತಿಕೊಂಡು ಓಡಲು ಬರುವಂತಿರಬೇಕು. ಮೊಬೈಲಿನಲ್ಲಿ ಫೋಟೊ ತೆಗೆದು ದೂರದ ಊರಿನ ಸಂಬಂಧಿಕರಿಗೂ ಒಂದು ಪ್ರತಿ ಕಳಿಸಿರಿ.

ಮುಂದಿನ ಆರು ತಿಂಗಳು: ಗುಳೆ ಮತ್ತು ಮದುವೆ

ಇದು ಎಲ್ಲಕ್ಕಿಂತ ಕಠಿಣವಾದ ಭಾಗ. ಬೆಳೆ ಹೋಗಿ, ಸಾಲ ಉಳಿದಾಗ ನಮ್ಮ ಭಾಗದ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಸಣ್ಣ ಮಕ್ಕಳನ್ನು ಜೊತೆಗೆ ಒಯ್ಯುತ್ತಾರೆ. ದೊಡ್ಡ ಗಂಡು ಹುಡುಗ ಕೆಲಸಕ್ಕೆ ನಿಲ್ಲುತ್ತಾನೆ. ಹದಿನೈದು ಹದಿನಾರರ ಹುಡುಗಿಯನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಮದುವೆ ಮಾಡುತ್ತಾರೆ. ತಂದೆ ತಾಯಿಗೆ ಕನಿಕರ ಇಲ್ಲವೆಂದಲ್ಲ. ಬೇರೆ ದಾರಿ ತೋರದೆ ಹೀಗೆ ಮಾಡುತ್ತಾರೆ. ಕಾನೂನು ಹೇಳಿ ಹೆದರಿಸುವುದಕ್ಕಿಂತ ಮೊದಲು ದಾರಿ ತೋರಿಸುವುದು ನಮ್ಮ ಕೆಲಸ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದ ಕಾನೂನಿನಲ್ಲಿ ಮೊದಲಿನಿಂದಲೇ ಅಸಿಂಧು ಎಂಬುದನ್ನು ಖಾಜಿಗಳು, ಪುರೋಹಿತರು, ಪ್ರಿಂಟಿಂಗ್ ಪ್ರೆಸ್‌ನವರು, ಶಾದಿ ಮಹಲ್‌ನವರು ಎಲ್ಲರೂ ನೆನಪಿಡಬೇಕು. ನಮ್ಮ ಶಾದಿ ಮಹಲ್‌ನಲ್ಲಿ ವಯಸ್ಸಿನ ದಾಖಲೆ ನೋಡದೆ ತಾರೀಖು ಕೊಡಬಾರದು.

ದಾರಿ ಏನು? ಗುಳೆ ಹೋಗುವವರ ಮಕ್ಕಳಿಗೆ ಊರಲ್ಲಿ ಉಳಿಯಲು ಜಾಗ. ಅಲ್ಪಸಂಖ್ಯಾತರ, ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿ ನಿಲಯಗಳಲ್ಲಿ ಖಾಲಿ ಇರುವ ಸೀಟುಗಳನ್ನು ಕೇಳಿ ತಿಳಿಯಬೇಕು. ಋತುಮಾನ ಶಾಲೆ ನಡೆಸಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಊರಿನ ಹೆಸರುಪಟ್ಟಿಯೊಂದಿಗೆ ಮನವಿ ಕೊಡಬೇಕು. ಅಜ್ಜಿಯ ಬಳಿ ಬಿಟ್ಟುಹೋಗುವ ಮಕ್ಕಳಿಗೆ ಟ್ರಸ್ಟ್ ವತಿಯಿಂದ ದಿನಸಿ ಕೊಡಬೇಕು. ತಿಂಗಳ ದಿನಸಿಯ ಖರ್ಚಿನಲ್ಲಿ ಒಂದು ಮಗುವಿನ ವರ್ಷ ಉಳಿಯುತ್ತದೆ. ಜೊತೆಗೆ ಹೋಗಲೇಬೇಕಾದ ಮಕ್ಕಳಿದ್ದರೆ ಹೋಗುವ ಊರಿನ ಹತ್ತಿರದ ಶಾಲೆಗೆ ಪತ್ರ ಬರೆದುಕೊಡಬೇಕು. ಎಸ್ಸೆಸ್ಸೆಲ್ಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದು ತಪ್ಪಿದರೂ ಹೆಸರು ನೋಂದಾಯಿಸಿದ್ದರೆ ವರ್ಷ ಹೋಗುವುದಿಲ್ಲ. ಆದ್ದರಿಂದ ನೋಂದಣಿ ಮತ್ತು ಶುಲ್ಕದ ಕೊನೆಯ ದಿನಾಂಕಗಳನ್ನು ನೋಡಿಕೊಳ್ಳಲೆಂದೇ ನಮ್ಮಲ್ಲಿ ಒಬ್ಬರು ಇರಬೇಕು. 2009ರಲ್ಲಿ ಅಂಥ ಒಬ್ಬರಿದ್ದಿದ್ದರೆ ಆ ಗೂಡ್ಸ್ ಗಾಡಿಯ ಚಾಲಕನ ಕಾಲಂನಲ್ಲಿ ‘ಅರ್ಧ’ ಎಂದು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಶಾಲೆ ಬೇಗ ತೆರೆದಷ್ಟೂ ಮಕ್ಕಳು ಉಳಿಯುತ್ತಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ವೆಳ್ಳಾರ್‌ಮಲೆ, ಮುಂಡಕೈ ಶಾಲೆಗಳ ಮಕ್ಕಳು ದಿಕ್ಕೆಟ್ಟರು. ಸೆಪ್ಟೆಂಬರ್ 2ರಂದೇ ಮೇಪ್ಪಾಡಿಯಲ್ಲಿ ಅವರಿಗೆ ತರಗತಿಗಳನ್ನು ತೆರೆದು, ಜೂನ್ ತಿಂಗಳ ಪ್ರವೇಶೋತ್ಸವದಂತೆ ಮತ್ತೊಮ್ಮೆ ಸ್ವಾಗತಿಸಿದರು. ನಮ್ಮಲ್ಲಿ ಶಾಲೆಯೇ ಕಾಳಜಿ ಕೇಂದ್ರವಾಗುವುದರಿಂದ ಪಾಠ ನಿಲ್ಲುತ್ತದೆ. ಶಾದಿ ಮಹಲ್, ಮದರಸಾ, ಸಮುದಾಯ ಭವನಗಳನ್ನು ನಾವು ಬಿಟ್ಟುಕೊಟ್ಟರೆ ಶಾಲೆಯ ಕೋಣೆಗಳು ಬೇಗ ಖಾಲಿಯಾಗುತ್ತವೆ. ಕಟ್ಟಡ ಕೊಡುವುದರಿಂದ ಮಕ್ಕಳಿಗೆ ಆಗುವ ಅತಿ ದೊಡ್ಡ ಉಪಕಾರ ಇದೇ.

ಹಣ, ಲೆಕ್ಕ ಮತ್ತು ಈ ವರ್ಷದ ವಿದ್ಯಾರ್ಥಿವೇತನ

ನೆರೆಯ ಕಣ್ಣೀರು ಬಿಸಿ ಇರುವಾಗ ಚಂದಾ ಸುಲಭವಾಗಿ ಬರುತ್ತದೆ, ಮೂರು ತಿಂಗಳಿಗೆ ನಿಲ್ಲುತ್ತದೆ. ಮಕ್ಕಳ ಖರ್ಚು ಶುರುವಾಗುವುದು ಆಗಲೇ. ಆದ್ದರಿಂದ ಸಂಗ್ರಹವಾದ ಹಣದ ಒಂದು ಪಾಲನ್ನು ಮೊದಲ ದಿನವೇ ಶಿಕ್ಷಣಕ್ಕೆಂದು ಬೇರೆ ಇಡಬೇಕು. ಜಕಾತ್ ಹಣಕ್ಕೆ ಅದರದೇ ನಿಯಮಗಳಿರುವುದರಿಂದ ಆ ಖಾತೆ ಪ್ರತ್ಯೇಕ. ನೆರೆ ಸಹಾಯ ಎಲ್ಲ ಸಮಾಜದ ಮಕ್ಕಳಿಗೂ ಸಲ್ಲಬೇಕಾದ್ದರಿಂದ ಅದನ್ನು ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಮಾಡುತ್ತೇವೆ. ದೇಣಿಗೆ ಕೊಡುವಾಗ ಯಾವುದಕ್ಕೆಂದು ರಸೀದಿಯಲ್ಲಿ ಬರೆಸಿರಿ. ಹಳೆ ಬಟ್ಟೆಯನ್ನು ಯಾರಾದರೂ ಕೇಳಿದರೆ ಮಾತ್ರ ಕೊಡಿರಿ.

ಮೇಲಿನ ಎಲ್ಲವನ್ನೂ ಗಮನಿಸಿ ಶಿಕ್ಷಣ ಉಪಸಮಿತಿಯು ವಿದ್ಯಾರ್ಥಿವೇತನದಲ್ಲಿ ಈ ಬದಲಾವಣೆಗಳನ್ನು ಮಾಡಿದೆ. ಪೂರ್ಣ ನಿಯಮಗಳು ವರದಿಯ ಕೊನೆಯಲ್ಲಿರುವ ಪ್ರಕಟಣೆಯಲ್ಲಿವೆ.

1. ನೆರೆ, ಮನೆ ಕುಸಿತ ಅಥವಾ ಬೆಂಕಿಯಿಂದ ಕಾಗದಗಳನ್ನು ಕಳೆದುಕೊಂಡ ವಿದ್ಯಾರ್ಥಿಗಳು ಇದ್ದಷ್ಟು ಕಾಗದಗಳೊಂದಿಗೆ ಅರ್ಜಿ ಸಲ್ಲಿಸಬಹುದು. ಉಳಿದವನ್ನು ಪಡೆಯಲು ನಮ್ಮ ಸ್ವಯಂಸೇವಕರೇ ಜೊತೆ ಬರುತ್ತಾರೆ. ಕಾಗದವಿಲ್ಲವೆಂದು ಯಾವ ಅರ್ಜಿಯನ್ನೂ ವಾಪಸು ಕಳಿಸುವುದಿಲ್ಲ.

2. ವಿಪತ್ತಿಗೆ ಒಳಗಾದ ಮನೆಯ ಮಕ್ಕಳಿಗೆ ಆ ವರ್ಷ ಶೇಕಡಾವಾರು ಅಂಕದ ನಿಯಮ ಅನ್ವಯಿಸುವುದಿಲ್ಲ.

3. ಅರ್ಜಿಗೆ ಕೊನೆಯ ದಿನಾಂಕ ಮುಗಿದ ಮೇಲೆ ನೆರೆ ಬಂದರೂ ಅರ್ಜಿ ತೆಗೆದುಕೊಳ್ಳುತ್ತೇವೆ.

4. ಒಂದು ವರ್ಷ ಓದು ನಿಲ್ಲಿಸಿ ಮರಳಿ ಬಂದವರನ್ನು ಅನರ್ಹರೆಂದು ಪರಿಗಣಿಸುವುದಿಲ್ಲ. ಅವರಿಗೆ ಮೊದಲ ಆದ್ಯತೆ.

ಸಂಜೆ ಎರಡು ತಾಸು ಪಾಠ ಹೇಳಬಲ್ಲ ನಿವೃತ್ತ ಶಿಕ್ಷಕ ಶಿಕ್ಷಕಿಯರು, ಪಟ್ಟಿ ಬರೆಯಬಲ್ಲ ಕಾಲೇಜು ವಿದ್ಯಾರ್ಥಿಗಳು, ಟ್ರ್ಯಾಕ್ಟರ್ ಅಥವಾ ಗಾಡಿ ಕೊಡಬಲ್ಲವರು ತಮ್ಮ ಹೆಸರನ್ನು ಈಗಲೇ ಕಚೇರಿಯಲ್ಲಿ ಬರೆಸಬೇಕು. ಮೊದಲ ಹೆಸರು ಆಗಲೇ ಬಂದಿದೆ. ಆ ಗೂಡ್ಸ್ ಗಾಡಿಯ ಚಾಲಕ ನೋಟ್‌ಬುಕ್ ಇಳಿಸಿದ ದಿನವೇ ತನ್ನ ಹೆಸರು ಕೊಟ್ಟು ಹೋದ. “ನೀರು ಬಂದ್ರ ರಾತ್ರಿ ಎಷ್ಟೊತ್ತಿಗೆ ಕರದ್ರೂ ಬರ್ತೀನ್ರಿ” ಎಂದ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕೂಡ್ರಲು ವಯಸ್ಸಿನ ಅಡ್ಡಿ ಇಲ್ಲವೆಂದು ಅವನಿಗೆ ಹೇಳಿದ್ದೇವೆ. ನಕ್ಕು ತಲೆ ಕೆರೆದುಕೊಂಡಿದ್ದಾನೆ. ಫಾರಂ ಮಾತ್ರ ತೆಗೆದುಕೊಂಡು ಹೋಗಿದ್ದಾನೆ.

ನೆನಪಿಡಬೇಕಾದ ಸಂಖ್ಯೆಗಳು: ತುರ್ತು ಸಹಾಯ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯ 14416. ಈ ಪುಟವನ್ನು ಕತ್ತರಿಸಿ ಬಾಗಿಲ ಹಿಂದೆ ಅಂಟಿಸಿರಿ.

ಶಿಕ್ಷಣ ಉಪಸಮಿತಿಯ ಪರವಾಗಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕರು (ಬಿ.ಎಡ್.), ತುರ್ವಿಹಾಳ